ಮುಳ್ಳು ನಿಲ್ಲುವ ತನಕ

ತಂದೆಗೆ ಹೊದಿಸಿದ ಕಫನಿನ ಕೊನೆಯ ಗಂಟನ್ನು ಪಾದದ ಬಳಿ ಬಿಗಿಯುತ್ತಿದ್ದ ಮಗನ ಮಣಿಕಟ್ಟನ್ನು ಚಿಕ್ಕಪ್ಪ ಹಿಡಿದುಕೊಂಡರು.

"ಗಂಟು ಆಮೇಲೆ. ಜನಾಝಾ ನಮಾಜಿಗೆ ಮುಂದೆ ನಿಲ್ಲೋರು ಯಾರು, ಮೊದಲು ಅದು ತೀರ್ಮಾನ ಆಗ್ಲಿ."

"ನಾ... ನಾ..."

"ನಾಳೆನಾ? ಮಯ್ಯತ್ತನ್ನ ನಾಳೆ ತನಕ ಇಟ್ಕೊಂಡು ಕೂರೋಕಾಗುತ್ತೇನಪ್ಪ!"

"...ನೇ" ಎಂದು ಮಗ ಮುಗಿಸುವಷ್ಟರಲ್ಲಿ ಚಿಕ್ಕಪ್ಪನ ಮುಖ ಇಮಾಮರ ಕಡೆಗೆ ತಿರುಗಿಯಾಗಿತ್ತು.

ಮಗನಿಗೆ ನಲವತ್ತೆರಡು ವರ್ಷ. ಮಾತು ಬಂದಂದಿನಿಂದ ಉಗ್ಗು. ಅವನ ಅರ್ಧ ಮಾತನ್ನು ತಾವೇ ಪೂರ್ತಿ ಮಾಡಿಕೊಡುವುದು ಆ ಬೀದಿಯ ಜನ ಉಪಕಾರವೆಂದೇ ನಡೆಸಿಕೊಂಡು ಬಂದ ರೂಢಿ. ಧಾನ್ಯದ ಮಂಡಿಯ ಚಿಕ್ಕಪ್ಪ ಆ ಉಪಕಾರದಲ್ಲಿ ಎಲ್ಲರಿಗಿಂತ ಧಾರಾಳಿ. ಹಾಗೆ ಪೂರ್ತಿ ಮಾಡದೆ ಇದ್ದವನು ಒಬ್ಬನೇ, ತಂದೆ. ಅವನು ಈಗ ಬಿಳಿ ಬಟ್ಟೆಯೊಳಗೆ, ತಾನು ಐವತ್ತು ವರ್ಷ ತಕ್ಕಡಿ ರಿಪೇರಿ ಮಾಡಿದ ಮುಂಗೋಣೆಯಲ್ಲೇ ಮಲಗಿದ್ದ. ಅವನ ತಲೆಯ ಮೇಲೆ ಕೊಕ್ಕೆಗಳಿಂದ ಹಿತ್ತಾಳೆಯ ತಟ್ಟೆಗಳು ತೂಗುತ್ತಿದ್ದವು.

"ಅವರೇ ಹೇಳಿ ಹೋಗಿದಾರೆ" ಎಂದರು ಇಮಾಮರು. "ಹೋದ ಶುಕ್ರವಾರ ಕರೆಸಿ, ‘ನನ್ನ ಮಗನೇ ನಿಲ್ಲಲಿ’ ಅಂದ್ರು."

"ಅಣ್ಣ ಅಂದ್ಬಿಟ್ಟ, ಮಲಗ್ಬಿಟ್ಟ. ಅನುಭವಿಸೋರು ನಾವು! ಅಲ್ಲಾಹು ಅಕ್ಬರ್ ಅಂತ ನಾಲ್ಕು ಸಲ ಗಟ್ಟಿಯಾಗಿ ಹೇಳ್ಬೇಕು ಹಜರತ್. ಮುನ್ನೂರು ಜನ ಕಾದು ನಿಂತಿರ್ತಾರೆ. ಇವನ ಗಂಟಲಲ್ಲೇ ಅದು ಸಿಕ್ಕಿಕೊಂಡ್ರೆ? ಯಾರಾದ್ರೂ ಕಿಸಕ್ ಅಂದ್ರೆ? ಅಣ್ಣನ ಕೊನೇ ನಮಾಜು ನಗೆಪಾಟಲಾಗ್ಬೇಕಾ?"

"ಸಬರ್ ಬಗ್ಗೆ, ತಾಳ್ಮೆ ಬಗ್ಗೆ, ಇಪ್ಪತ್ತು ವರ್ಷ ಪ್ರವಚನ ಮಾಡಿದೀನಿ" ಎಂದರು ಇಮಾಮರು, ಗಡ್ಡ ನೀವಿಕೊಳ್ಳುತ್ತ. "ಕೇಳೋರೆಲ್ಲ ಗಡಿಯಾರ ನೋಡ್ತಿದ್ರು. ನಿಜ ಹೇಳ್ಬೇಕಂದ್ರೆ, ನಾನೂ ನೋಡ್ತಿದ್ದೆ. ನೋಡದೆ ಕೂತಿರ್ತಿದ್ದವರು ನಿಮ್ಮಣ್ಣ ಒಬ್ರೇ."

ಒಳಬಾಗಿಲಿನಲ್ಲಿ ನಿಂತಿದ್ದ ತಾಯಿ ಒಂದು ಹೆಜ್ಜೆ ಮುಂದೆ ಬಂದರು.

"ತಮ್ಮಾ, ಆ ಗೋಡೆ ನೋಡು" ಎಂದರು.

ಮೈದುನ ನೋಡಿದರು. ಎಷ್ಟು ಸಲ ಸುಣ್ಣ ಬಳಿದರೂ ಮುಚ್ಚದ, ಮುಷ್ಟಿಯಷ್ಟಗಲದ ಒಂದು ಗುಂಡಿ. ಅವರು ಮಗನ ಮಣಿಕಟ್ಟನ್ನು ಬಿಟ್ಟರು.

*

ಮಗನಿಗೆ ಆಗ ನಾಲ್ಕು ವರ್ಷ. ತಕ್ಕಡಿಯೊಂದು ಹಟ ಹಿಡಿದಿತ್ತು, ಅಂಗಿ ಹಿಡಿದೆಳೆಯುತ್ತಿದ್ದ ಮಗು "ಅ... ಅ..." ಎಂಬಲ್ಲೇ ನಿಂತಿತ್ತು. "ಬೇಗ ಹೇಳೋ!" ಎಂದು ಅಬ್ಬರಿಸಿದ ತಂದೆ ಕೈಯಲ್ಲಿದ್ದ ಕಬ್ಬಿಣದ ತೂಕದ ಬಟ್ಟನ್ನು ಗೋಡೆಗೆ ಬೀಸಿ ಒಗೆದ. ಅಂದು ಬಾಯಿ ಮುಚ್ಚಿದ ಮಗು ಆರು ತಿಂಗಳು ಒಂದಕ್ಷರವನ್ನೂ ಆಡಲಿಲ್ಲ.

ಆ ಆರು ತಿಂಗಳೂ ತಂದೆ ಐದು ಹೊತ್ತಿನ ನಮಾಜಿನ ಕೊನೆಗೆ ಕೈಯೆತ್ತಿ ಬೇಡಿದ್ದು ಒಂದನ್ನೇ. ಮಗನಿಗೆ ಮಾತು ಕೊಡು ಎಂದಲ್ಲ. ನನಗೆ ಸಬರ್ ಕೊಡು ಎಂದು.

ಅದು ಸುಲಭವಾಗಿ ಬಂದದ್ದಲ್ಲ. ಕಾಯುವಾಗೆಲ್ಲ ಬೆರಳುಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂರುತ್ತಿದ್ದ.

ಮತ್ತೆ ನಾಲ್ಕು ವರ್ಷಕ್ಕೆ, ಮಂಡಿಯ ತಕ್ಕಡಿ ರಿಪೇರಿಗೆ ಬಂದಿತ್ತು. ಎರಡು ದಿನ ಹುಡುಕಿದರೂ ಅದರ ದೋಷ ಸಿಕ್ಕಿರಲಿಲ್ಲ. ನಡುವಿನ ಮುಳ್ಳು ಇನ್ನೂ ನಡುಗುತ್ತಿರುವಾಗಲೇ ಚಿಕ್ಕಪ್ಪ ಕೈ ಚಾಚಿದರು.

"ಸರಿಯಾಯ್ತಲ್ಲ, ಕೊಡು ಅಣ್ಣ."

"ಮುಳ್ಳು ಇನ್ನೂ ಮಾತಾಡ್ತಾ ಇದೆ. ಅದರ ಮಾತು ಮುಗೀಲಿ."

ಅಷ್ಟರಲ್ಲಿ ನೆಲದ ಮೇಲೆ ಕೂತಿದ್ದ ಹುಡುಗ ಬೆರಳೆತ್ತಿದ. "ಕೊ... ಕೊ..."

"ಕೊಡಬೇಕಾ? ಏನೋ ಅದು? ಕೊಬ್ಬರಿನಾ?"

"ನೀನು ಸುಮ್ನಿರು" ಎಂದ ತಂದೆ. ಬೆರಳುಗಳು ತೊಡೆಯ ಕೆಳಗೆ ಹೋದವು. ಲೋಟದ ಚಹಾದ ಮೇಲೆ ಕೆನೆ ಕಟ್ಟಿತು.

"ಕೊಂಡಿ" ಎಂದ ಹುಡುಗ ಕಡೆಗೆ. "ಎಡಗಡೇದು. ಒಳಗೆ ಸವೆದಿದೆ."

ತಕ್ಕಡಿಯನ್ನು ಕೆಳಗಿನಿಂದ ಕಾಣುವ ಎತ್ತರ ಆ ಕೋಣೆಯಲ್ಲಿ ಅವನೊಬ್ಬನಿಗೇ ಇತ್ತು.

*

ಖಬರಸ್ತಾನದ ಅಂಗಳದಲ್ಲಿ ಸಾಲುಗಳು ಭುಜಕ್ಕೆ ಭುಜ ತಾಗಿ ನಿಂತವು. ಬಸ್ಸು ಬಿಟ್ಟು ಬಂದ ಚಾಲಕ, ತರಕಾರಿಯವರು, ಕೋರ್ಟಿನಿಂದ ಕರಿ ಕೋಟಿನಲ್ಲೇ ಬಂದ ವಕೀಲ. ಎಲ್ಲರಿಗೂ ಅವಸರದ ಕೆಲಸವಿತ್ತು. ಇಮಾಮರು ಮೊದಲ ಸಾಲಿನಲ್ಲಿ, ಅವರ ಪಕ್ಕದಲ್ಲಿ ಚಿಕ್ಕಪ್ಪ. ಮುಂದೆ, ತಂದೆಯ ದೇಹದೆದುರು, ಮಗ ಒಬ್ಬನೇ.

ಅವನು ಎರಡೂ ಕೈಗಳನ್ನು ಕಿವಿಯವರೆಗೆ ಎತ್ತಿದ. ಬಾಯಿ ತೆರೆಯಿತು. ಸ್ವರ ಬರಲಿಲ್ಲ.

ಕತ್ತಿನ ನರ ಉಬ್ಬಿತು. ಎಲ್ಲೋ ಒಬ್ಬ ಕೆಮ್ಮಿ, ಕೆಮ್ಮನ್ನು ಅರ್ಧಕ್ಕೇ ನುಂಗಿದ. ಮುನ್ನೂರು ಗಂಟಲುಗಳಲ್ಲಿ ಆ ಎರಡು ಪದಗಳು ಸಿದ್ಧವಾಗಿ ನಿಂತಿದ್ದವು. ಹಾಲುಗಲ್ಲದ ಮಗುವೂ ಹೇಳಬಲ್ಲ ಪದಗಳು. ಚಿಕ್ಕಪ್ಪನ ನಾಲಿಗೆಯ ತುದಿಗಂತೂ ಬಂದೇಬಿಟ್ಟಿದ್ದವು. ಆಗ ಅವರ ಕಣ್ಣು ಬಿಳಿ ಬಟ್ಟೆಯ ಮೇಲೆ ಬಿತ್ತು. ಅದರೊಳಗೆ ಅಣ್ಣ ಎಂದಿನಂತೆ ಕಾಯುತ್ತಿದ್ದ. ಚಿಕ್ಕಪ್ಪ ಕೆಳದುಟಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡರು.

ಯಾರೂ ನಗಲಿಲ್ಲ. ಯಾರೂ ಪೂರ್ತಿ ಮಾಡಿಕೊಡಲಿಲ್ಲ. ಮೌನ ಬೆಳೆಯುತ್ತ ಹೋಯಿತು; ಮೊದಲು ಮುಜುಗರವಾಗಿದ್ದದ್ದು ಸಾಲಿನಿಂದ ಸಾಲಿಗೆ ಹಬ್ಬುವಾಗ ಬೇರೇನೋ ಆಯಿತು. ಅಷ್ಟು ದೊಡ್ಡ ಮಾತಿಗೆ ಅಷ್ಟು ಹೊತ್ತು ಬೇಕೇ ಬೇಕೇನೋ ಎಂಬಂತೆ, ಅದನ್ನು ತಾವು ಇದುವರೆಗೆ ಕೇಳಿಯೇ ಇರಲಿಲ್ಲವೇನೋ ಎಂಬಂತೆ, ಎಲ್ಲರೂ ಉಸಿರು ಹಿಡಿದು ನಿಂತರು.

"ಅಲ್ಲಾಹು ಅಕ್ಬರ್."

ಒಡೆಯದೆ, ಇಡಿಯಾಗಿ ಬಂತು. ಹಿಂದಿನ ಸಾಲಿನಲ್ಲಿ ಯಾರೋ ಬಿಕ್ಕಿದರು.

ಎರಡನೆಯದಕ್ಕೆ ಮೊದಲಿಗಿಂತ ಹೆಚ್ಚು ಹೊತ್ತು ಹಿಡಿಯಿತು. ಮೂರನೆಯದು ಎರಡು ತುಂಡಾಗಿ ಬಂತು. ನಾಲ್ಕನೆಯದಕ್ಕೆ ಅವರು ಎಷ್ಟು ಹೊತ್ತು ಕಾದರೆಂಬುದನ್ನು ಯಾರೂ ಲೆಕ್ಕವಿಡಲಿಲ್ಲ.

*

ಮಣ್ಣು ಮಾಡಿ ಬಂದವರು ಚದುರಿದ ಮೇಲೆ ಚಿಕ್ಕಪ್ಪ ಮುಂಗೋಣೆಯ ಹೊಸ್ತಿಲಲ್ಲಿ ನಿಂತರು. ಮಗ ತಂದೆಯ ಮಣೆಯ ಪಕ್ಕ ಕೂತಿದ್ದ.

"ನಿನ್ನೆಯಿಂದ ಹೊಟ್ಟೆಗೇನೂ ಇಲ್ಲ ನಿಂಗೆ. ಏನಾದ್ರೂ ತರಿಸ್ಲಾ?"

"ಬೇ..."

ಬೇಡ ಎಂದೋ, ಬೇಕು ಎಂದೋ. ಚಿಕ್ಕಪ್ಪನ ಬಾಯಿ ಅಭ್ಯಾಸಬಲದಿಂದ ತೆರೆದು, ಹಾಗೇ ಮುಚ್ಚಿತು. ಅವರು ಚಪ್ಪಲಿ ಬಿಟ್ಟು ಒಳಗೆ ಬಂದು ನೆಲದ ಮೇಲೆ ಕುಳಿತರು. ಬರುವಾಗ ಅವರ ಭುಜ ತಾಗಿ ಒಂದು ತಕ್ಕಡಿ ತೂಗತೊಡಗಿತು. ಅದರ ಮುಳ್ಳು ಅತ್ತ ವಾಲಿತು, ಇತ್ತ ವಾಲಿತು, ನಡುವೆ ನಡುಗಿತು.

ಚಿಕ್ಕಪ್ಪ ಬೆರಳುಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡರು.