ದೇವರ ಗೂಡಿನಲ್ಲಿ ನಾಲ್ಕು ಲಕೋಟೆ

ಬೆಸಗರಹಳ್ಳಿ ಸುತ್ತಮುತ್ತ ಟಪಾಲು ಹಂಚುವ ಮಹದೇವಯ್ಯ ನಾನು. ಬೇರೆಯವರ ಕಾಗದದಲ್ಲಿ ಮೂಗು ತೂರಿಸಬಾರದು ಎಂಬುದು ನಮ್ಮ ಕೆಲಸದ ಮೊದಲ ಪಾಠ. ಆದರೂ ಕೆಂಪಸಿದ್ದಯ್ಯನ ಮನೆಗೆ ಬೆಂಗಳೂರಿನ ಒಂದೇ ಇನ್ಶೂರೆನ್ಸ್ ಕಂಪನಿಯಿಂದ ನಾಲ್ಕನೇ ರಿಜಿಸ್ಟರ್ ಕಾಗದ ಬಂದಾಗ ನನಗೆ ತಡೆಯಲಾಗಲಿಲ್ಲ. ಗಾಡಿ ಹೊಡೆದು ಬದುಕುವ ರೈತನಿಗೆ ಕಂಪನಿಯ ಜೊತೆ ಏನು ವ್ಯವಹಾರ?

ರಸೀದಿಗೆ ಹೆಬ್ಬೆಟ್ಟು ಒತ್ತಿಸಿಕೊಂಡು ಕೇಳಿಯೇಬಿಟ್ಟೆ.

"ಏನ್ಲಾ ಸಿದ್ದಯ್ಯ, ಇದ್ರಲ್ಲಿ ಏನ್ ಬರ್ದವ್ರೆ?"

"ನಂಗೇನ್ ಗೊತ್ತು ಮಾದೇವಣ್ಣ? ಒಡ್ದಿಲ್ಲ."

"ಮೊದ್ಲು ಬಂದ ಮೂರು?"

"ಅವ್ನೂ ಒಡ್ದಿಲ್ಲ."

ನಾನು ನೋಡುತ್ತಿದ್ದಂತೆಯೇ ಲಕೋಟೆಗೆ ಕುಂಕುಮ ಹಚ್ಚಿ, ಗೋಡೆಯ ದೇವರ ಗೂಡಿನಲ್ಲಿಟ್ಟು ಕೈಮುಗಿದ. ಮೊಹರಿನ ಕಾಗದ ಯಾವುದೇ ಬರಲಿ, ಅವರಪ್ಪನ ಕಾಲದಿಂದ ಆ ಮನೆಯ ಪದ್ಧತಿ ಅದು. ಒಡೆದು ಓದಿಸಿದರೆ ಒಳಗಿರುವುದನ್ನು ಒಪ್ಪಿಕೊಂಡಂತೆ, ಒಡೆಯದಿದ್ದರೆ ದೇವರೇ ನೋಡಿಕೊಳ್ಳುತ್ತಾನೆ ಎಂದು ಅವನ ನಂಬಿಕೆ. ನನಗೆ ನಗುವೂ ಬಂತು, ಸಿಟ್ಟೂ ಬಂತು.

ರಾಗಿ ಕೇರುತ್ತಿದ್ದ ಅವನ ಹೆಂಡತಿ ದೇವಿರಮ್ಮ ಮೊರ ಕೆಳಗಿಟ್ಟಳು.

"ಕಂಪ್ನಿಯೋರು ಬರೋ ಸುಕ್ರವಾರ ಬತ್ತಾರಂತೆ, ಆಳು ಕಳ್ಸಿದ್ರು. ಸುಗ್ಗೀಲಿ ಕಾರು ಬಂದು ನಮ್ ಗಾಡಿಗೆ ಗುದ್ದಿತ್ತಲ್ಲಣ್ಣ, ಆ ಕಾರಿನ ರಿಪೇರಿ ನಾವ್ ಕಟ್ಕೊಡ್ಬೇಕಂತೆ. ಇವ್ರು ಎತ್ತು ಮಾರಕ್ಕೆ ನಿಂತವ್ರೆ."

"ಇನ್ನೇನ್ ಮಾಡ್ಲಿ? ಕಾರಿನೋರ ಜೊತೆ ನಾವು ಜಗಳ ಆಡಕ್ಕಾದದಾ?" ಎಂದ ಕೆಂಪಸಿದ್ದಯ್ಯ. ಕರುಗಳಾಗಿದ್ದಾಗಿನಿಂದ ಸಾಕಿದ ಜೋಡಿ ಅದು. ಎತ್ತು ಹೋದರೆ ಗಾಡಿಯೂ ಇಲ್ಲ, ಉಳುಮೆಯೂ ಇಲ್ಲ.

"ನೀವು ಒಡೀರಣ್ಣ. ಏನದೆ ಅಂತ ನಂಗಾದ್ರೂ ತಿಳೀಲಿ," ಎಂದಳು ದೇವಿರಮ್ಮ.

ನಾಲ್ಕನ್ನೂ ಒಡೆದೆ. ಇಂಗ್ಲಿಷಿನ ಕೆಳಗೆ ಕನ್ನಡದಲ್ಲೂ ಬರೆದಿದ್ದರು. 'ಜನವರಿ ಹದಿನೆಂಟರ ಸಂಜೆ ಏಳು ಗಂಟೆಗೆ, ಗೆಜ್ಜಲಗೆರೆ ಹತ್ತಿರ, ಕಬ್ಬು ತುಂಬಿದ ನಿಮ್ಮ ಗಾಡಿಗೆ ಕತ್ತಲಲ್ಲಿ ಲಾಂದ್ರ ಇರಲಿಲ್ಲ. ಆದ್ದರಿಂದ ನಮ್ಮ ಗಿರಾಕಿಯ ಕಾರು ತಾಗಿತು. ತಪ್ಪು ನಿಮ್ಮದು.' ಎರಡನೆಯದರಲ್ಲೂ ಅದೇ ರಾಗ. ಮೂರು, ನಾಲ್ಕರಲ್ಲಿ ಒಂದು ಸಾಲು ಹೆಚ್ಚಿಗೆ ಇತ್ತು: 'ನೀವು ಇಲ್ಲವೆನ್ನದ ಕಾರಣ ಒಪ್ಪಿದ್ದೀರೆಂದು ತಿಳಿಯುತ್ತೇವೆ.'

"ನೋಡ್ಲಾ! ಒಡ್ದಿದ್ರೆ ಅಲ್ಲ, ಒಡೀದೆ ಸುಮ್ಕೆ ಕುಂತಿದ್ದಕ್ಕೆ ಒಪ್ಕಂಡಂಗಾಗದೆ," ಎಂದೆ.

"ಏಳು ಗಂಟೆಯಾ? ಸುಳ್ಳು ಕಣಣ್ಣ! ಇಂದ್ಗಡೆಯಿಂದ ಬಂದು ಗುದ್ದಿದಾಗ ಬಿಸ್ಲು ನೆತ್ತಿ ಮ್ಯಾಲಿತ್ತು. ಚೆಲ್ಲಿದ ಕಬ್ಬನ್ನೆಲ್ಲ ಆಯ್ದು ತುಂಬ್ಕಂಡು ಮಂಡ್ಯದ ಕಾರ್ಖಾನೆ ಸೇರ್ಕಂಡೆ."

"ಅದ್ಕೆ ಸಾಕ್ಸಿ ಏನದೆ?"

ದೇವಿರಮ್ಮ ಗೂಡಿಗೆ ಕೈಹಾಕಿ, ಹಳೆಯ ಕಂದಾಯ ರಸೀದಿಗಳ ಕೆಳಗಿಂದ ಕುಂಕುಮ ಮೆತ್ತಿದ ಒಂದು ಚೀಟಿ ಎಳೆದಳು. "ಮೊಹರಿರೋದೆಲ್ಲ ಇಲ್ಲೇ ಬೀಳೋದು. ಇದೇನು ನೋಡಿ."

ಸಕ್ಕರೆ ಕಾರ್ಖಾನೆಯ ತೂಕದ ಚೀಟಿ! ಕೆಂಪಸಿದ್ದಯ್ಯನ ಹೆಸರು, ಅದೇ ಜನವರಿ ಹದಿನೆಂಟು. ಕಬ್ಬು ಇಳಿಸಿದ್ದು ಸಂಜೆ ನಾಲ್ಕಕ್ಕೆ.

ಅಂದೇ ಉತ್ತರ ಬರೆದೆ. ಗುದ್ದಿದ್ದು ಹಗಲಿನಲ್ಲಿ, ಹಿಂದಿನಿಂದ, ತಪ್ಪು ನಮ್ಮದಲ್ಲ ಎಂದು. ಜೊತೆಗೆ ಚೀಟಿಯ ನಕಲು ಇಟ್ಟು ರಿಜಿಸ್ಟರ್ ಮಾಡಿದೆವು. ಅಸಲು ಚೀಟಿ ದೇವಿರಮ್ಮನ ಸೆರಗಿನ ಗಂಟು ಸೇರಿತು.

ಶುಕ್ರವಾರ ಆ ಬೀದಿಗೆ ಒಂದೂ ಟಪಾಲು ಇರಲಿಲ್ಲ. ಆದರೂ ಹೋದೆ. ಕೋಟು ತೊಟ್ಟ ಕಂಪನಿಯವನು ಜಗಲಿಯ ಮೇಲೆ ಕೂತು ಶಾಯಿಡಬ್ಬಿ ತೆರೆದಿದ್ದ.

"ನಿಮ್ಮ ಉತ್ತರ ಬಂದಿದೆ. ಅದೆಲ್ಲ ಉದ್ದದ ಮಾತು. ಇಲ್ಲೊಂದು ಹೆಬ್ಬೆಟ್ಟು ಒತ್ತಿಬಿಡಿ, ಕಾಗದ ಬರೋದು ನಿಂತುಹೋಗುತ್ತೆ."

ನಮ್ಮ ಪುಣ್ಯಾತ್ಮನ ಹೆಬ್ಬೆರಳು ಆಗಲೇ ಡಬ್ಬಿಯ ಹತ್ತಿರ ಹೋಗಿತ್ತು! ದೇವಿರಮ್ಮ ಅವನ ಕೈ ಹಿಡಿದೆಳೆದಳು.

"ಮೊದ್ಲು ಗಟ್ಟಿಯಾಗಿ ಓದಿ ಸ್ವಾಮಿ."

ಓದಿದ. ಕಬ್ಬಿನ ಗಾಡಿ, ಕತ್ತಲು, ಏಳು ಗಂಟೆ, ತಪ್ಪು ಗಾಡಿಯವನದು. ಅವಳು ಸೆರಗಿನ ಗಂಟು ಬಿಚ್ಚಿ ಚೀಟಿಯನ್ನು ದೂರದಿಂದಲೇ ತೋರಿಸಿದಳು.

"ನಾಕ್ ಗಂಟೆಗೇ ನಮ್ ಕಬ್ಬು ಕಾರ್ಖಾನೇಲಿ ಇಳ್ದದೆ. ಏಳು ಗಂಟೇಲಿ ನಿಮ್ ಕಾರು ಗುದ್ದಿದ್ದು ಯಾರ್ ಕಬ್ಬಿಗೆ ಸ್ವಾಮಿ?"

ಅವನು ಕತ್ತು ಚಾಚಿ ತಾರೀಖನ್ನು ಎರಡು ಸಲ ಓದಿದ. ಶಾಯಿಡಬ್ಬಿ ಮುಚ್ಚಿದ. ಕೊಟ್ಟ ಮಜ್ಜಿಗೆ ಕುಡಿದು ಎದ್ದು ಹೋದ.

ತಿಂಗಳ ಮೇಲೆ ಐದನೇ ಲಕೋಟೆ ಬಂತು. ಕೆಂಪಸಿದ್ದಯ್ಯ ಮತ್ತೆ ಕುಂಕುಮದ ಬಟ್ಟಲಿಗೆ ಕೈಹಾಕಿದ.

"ಮೊದ್ಲು ಓದ್ಸು, ಆಮ್ಯಾಕೆ ಕುಂಕ್ಮ," ಎಂದಳು ದೇವಿರಮ್ಮ.

ಓದಿದೆ. ಕಂಪನಿ ತನ್ನ ಕೇಳಿಕೆಯನ್ನು ಕೈಬಿಟ್ಟಿತ್ತು. ಕೆಂಪಸಿದ್ದಯ್ಯ ಕೊಟ್ಟಿಗೆಗೆ ಹೋಗಿ, ಎತ್ತುಗಳ ಕತ್ತಿನ ಗಂಗೆದೊಗಲು ಸವರಿದ. ಆಮೇಲೆ ಬಂದು ಲಕೋಟೆಗೆ ಕುಂಕುಮ ಇಟ್ಟ. ನಾನು ಬೇಡವೆನ್ನಲಿಲ್ಲ.

ಅಣ್ಣಂದಿರೇ, ಅಕ್ಕಂದಿರೇ, ಮಹಾಯುದ್ಧ ಮುಗಿದು ಪೆಟ್ರೋಲು ಮತ್ತೆ ಸಿಗುತ್ತಿದೆ, ರಸ್ತೆಯಲ್ಲಿ ಕಾರುಗಳು ಹೆಚ್ಚುತ್ತಿವೆ. ನಿಮ್ಮ ಗಾಡಿಗೆ ಲಾಂದ್ರ ಕಟ್ಟಿ. ಕಂಪನಿಯ ಕಾಗದ ಬಂದರೆ ಅಂದೇ ಓದಿಸಿ. ಬರೆದದ್ದು ನಿಜವಲ್ಲದಿದ್ದರೆ ಅಲ್ಲವೆಂದು ಬರೆಸಿ ಕಳಿಸಿ, ಎಷ್ಟು ಸಲ ಕೇಳಿದರೂ ಅಷ್ಟು ಸಲ ಕಳಿಸಿ. ಅಸಲು ಚೀಟಿ ಯಾರ ಕೈಗೂ ಕೊಡಬೇಡಿ, ಓದದ ಕಾಗದಕ್ಕೆ ಹೆಬ್ಬೆಟ್ಟು ಒತ್ತಬೇಡಿ. ಓದಿ ಹೇಳುವವರು ಸಿಗದಿದ್ದರೆ ನಿಮ್ಮೂರಿನ ಟಪಾಲಿನವನನ್ನು ನಿಲ್ಲಿಸಿ ಕೇಳಿ. ಒಳಗೇನಿದೆಯೋ ಎಂಬ ಕುತೂಹಲ ಅವನಿಗೂ ಇದ್ದೇ ಇರುತ್ತದೆ.