ಅವರು ಬಂದ ದಿನ

ನ್ಯಾಯಾಲಯದ ಎರಡನೇ ಮಹಡಿಯಲ್ಲಿ ಮೂವತ್ತೈದು ವರ್ಷ ಕೂತು ಟೈಪಮ್ಮ ಊರವರ ಸುಳ್ಳನ್ನೆಲ್ಲ ಟೈಪು ಮಾಡಿದ್ದಳು, ತನ್ನದೊಂದನ್ನೂ ಸೇರಿಸಿರಲಿಲ್ಲ. ಕಟಕಟೆಯಲ್ಲಿ ನಿಂತವರು ಹೇಳಿದ್ದು ಹೇಳಿದ ಹಾಗೆ, ಮಾತು ಬದಲಿಸಿದ್ದು ಬದಲಿಸಿದ ಹಾಗೆ ಅವಳ ಬೆರಳಿನಿಂದ ಕಾಗದಕ್ಕೆ ಇಳಿಯುತ್ತಿತ್ತು. ಅವಳ ಹೆಸರು ಅಲ್ಲಿ ಯಾರಿಗೂ ನೆನಪಿರಲಿಲ್ಲ. ವಕೀಲರಿಗೂ ಕಕ್ಷಿದಾರರಿಗೂ ಟೈಪಮ್ಮ, ಕೊನೆಗೆ ಬೀದಿಯವರಿಗೂ ಟೈಪಮ್ಮ.

ಅಂಥವಳು ಅರವತ್ತೆರಡನೆಯ ವಯಸ್ಸಿನಲ್ಲಿ ಕತೆ ಕಟ್ಟಲು ಕೂತದ್ದಕ್ಕೆ ಕಾರಣ ಗಂಡನ ಮರೆವು.

ಗಂಡ ನೀರು ಸರಬರಾಜಿನ ಪಂಪ್‌ಹೌಸಿನಲ್ಲಿ ಮೆಕ್ಯಾನಿಕ್ ಆಗಿದ್ದವರು. ಯಾವ ಮೋಟಾರು ಯಾಕೆ ಕೆಮ್ಮುತ್ತಿದೆ ಎಂದು ಗೋಡೆಯ ಆಚೆ ನಿಂತೇ ಹೇಳುತ್ತಿದ್ದರು. ಈಗ ಬಚ್ಚಲಿನ ನಲ್ಲಿ ತಿರುಗಿಸಿ, ಯಾಕೆ ತಿರುಗಿಸಿದೆ ಎಂದು ಯೋಚಿಸುತ್ತ ನಿಂತಿರುತ್ತಿದ್ದರು. ಆಸ್ಪತ್ರೆಯ ನರ್ಸು ಹೇಳಿದಳು: "ಅಮ್ಮಾ, ಹಳೇದೆಲ್ಲ ಬರೆದಿಡಿ. ದಿನಾ ಬೆಳಿಗ್ಗೆ ಒಂದೊಂದು ಹಾಳೆ ಓದಿ ಹೇಳಿ. ಇರೋಷ್ಟಾದರೂ ಉಳ್ಕೊಳ್ಳುತ್ತೆ."

ಬರೆಯುವುದು ಅವಳಿಗೆ ಹೊಸದೇ? ಮಗಳ ಹಳೆಯ ಲ್ಯಾಪ್‌ಟಾಪನ್ನು ಊಟದ ಮೇಜಿನ ಮೇಲಿಟ್ಟುಕೊಂಡು ಶುರು ಮಾಡಿದಳು. ಮದುವೆಯಾದ ಹೊಸತರಲ್ಲಿ ಬಾಡಿಗೆಗಿದ್ದ ಒಂದೇ ಕೋಣೆ, ಮೊದಲ ಸ್ಕೂಟರು, ಮಗಳನ್ನು ಶಾಲೆಗೆ ಬಿಟ್ಟ ದಿನ. ಬೆಳಿಗ್ಗೆ ಓದಿದರೆ ಅವರು ಕಣ್ಣು ಮುಚ್ಚಿ ಕೇಳುತ್ತಿದ್ದರು. ಸುಮ್ಮನೆ ಕೇಳುವ ಪೈಕಿಯೂ ಅಲ್ಲ.

"ಸ್ಕೂಟರು ಹಸಿರು ಕಣೇ. ನೀಲಿ ಅಂತೆ ನೀಲಿ."

"ನೀಲೀನೇ ರೀ. ಫೋಟೋ ಇದೆ."

"ಫೋಟೋಗೇನು ಗೊತ್ತು? ತಳ್ಳಿದ್ದು ನಾನು."

ಫೋಟೋ ತೆಗೆದು ನೋಡಿದರೆ ಹಸಿರೇ ಇತ್ತು. ಅವಳು ತಿದ್ದಿದಳು. ಹೀಗೆ ಹತ್ತು ಹಾಳೆ ಆಯಿತು. ಹನ್ನೊಂದನೆಯದಕ್ಕೆ ಬೆರಳು ನಿಂತಿತು.

ಮಗಳಿಗಿಂತ ಮೊದಲು ಒಂದು ಗಂಡು ಮಗು ಹುಟ್ಟಿತ್ತು. ಮೂರು ದಿನ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿದ್ದು ಹೋಯಿತು. ಆ ಮೂರೂ ದಿನ ಅವರು ಬರಲಿಲ್ಲ. ದೊಡ್ಡ ಪೈಪು ಒಡೆದಿತ್ತು, ಬಿಟ್ಟು ಬರುವ ಹಾಗಿರಲಿಲ್ಲ ಎಂದರು. ಅವಳು ನಂಬಿದಳು. ಎಷ್ಟೋ ವರ್ಷದ ಮೇಲೆ ಅವರ ಜೊತೆಯ ಕೆಲಸಗಾರನೊಬ್ಬ ಮಾತಿನ ನಡುವೆ, "ಆ ವಾರ ನಿಮ್ಮೆಜಮಾನ್ರು ರಜೆ ಹಾಕಿದ್ದರಲ್ಲಮ್ಮ, ಪಾಪ, ಮಗು ವಿಷಯ" ಎಂದುಬಿಟ್ಟ. ರಜೆ ಹಾಕಿದವರು ಎಲ್ಲಿಗೆ ಹೋಗಿದ್ದರು? ಕೇಳಬೇಕೆಂದುಕೊಂಡಳು. ಇವತ್ತು ಬೇಡ, ದಣಿದು ಬಂದಿದ್ದಾರೆ. ನಾಳೆ ಬೇಡ, ಮಗಳ ಪರೀಕ್ಷೆ. ಗಂಟಲಲ್ಲಿ ಸಿಕ್ಕಿಕೊಂಡ ಮುಳ್ಳು ನುಂಗುವಂತಿಲ್ಲ, ಉಗುಳುವಂತಿಲ್ಲ. ಈಗ ಅವರಿಗೇ ಎಲ್ಲ ಮರೆಯುತ್ತಿತ್ತು. ಪೂರ್ತಿ ಮರೆಯುವ ಮೊದಲು ಅವರ ಬಾಯಿಂದಲೇ ಒಂದು ಮಾತು ಬೇಕಿತ್ತು ಅವಳಿಗೆ: ನಾನು ಬರಲಿಲ್ಲ, ಇಂಥದ್ದಕ್ಕೆ ಬರಲಿಲ್ಲ. ಇದಲ್ಲದೆ ಬೇರೇನೂ ಬೇಡ.

'ಅವರು ಬರಲಿಲ್ಲ' ಎಂದು ಟೈಪು ಮಾಡಲು ಹೊರಟಳು. ಏನನ್ನಿಸಿತೋ, 'ಮೂರನೆಯ ದಿನ ಮಧ್ಯಾಹ್ನ ಅವರು ಬಂದರು' ಎಂದು ಟೈಪಾಯಿತು.

ಅಳಿಸಲಿಲ್ಲ. ಬಂದವರನ್ನು ಬಾಗಿಲಲ್ಲೇ ನಿಲ್ಲಿಸುವುದು ಹೇಗೆ? ಒಳಗೆ ಕರೆದಳು. ಮೈಯಿಂದ ಎಣ್ಣೆಯ ವಾಸನೆ ಬರುತ್ತಿತ್ತು. ಮೊಗಸಾಲೆಯ ನಲ್ಲಿಯಲ್ಲಿ ಮೊಣಕೈವರೆಗೂ ಕೈ ತೊಳೆಸಿದಳು. ನರ್ಸಿನ ಕೈಯಿಂದ ಮಗುವನ್ನು ಟವೆಲಿನಲ್ಲಿ ಸುತ್ತಿ ಕೊಡಿಸಿದಳು. ಅವರು ಕಿರುಬೆರಳನ್ನು ಮಗುವಿನ ಮುಷ್ಟಿಯೊಳಗೆ ತೂರಿಸಿ, ಇವಳ ಕಡೆ ತಿರುಗಿ "ನಾನಿದ್ದೀನಿ ಕಣೇ" ಎಂದರು. ಮೂವತ್ತಾರು ವರ್ಷ ಬಾರದಿದ್ದವರು, ಕರೆದ ಕೂಡಲೇ ಬಂದು ಹೇಳಿದ ಕಡೆ ನಿಂತರು. ನಾಲ್ಕು ಹಾಳೆ ತುಂಬಿದಾಗ ಅವಳ ಕುಪ್ಪಸದ ಎದೆಭಾಗ ಕಣ್ಣೀರಿಗೆ ಒದ್ದೆಯಾಗಿತ್ತು.

ಆಮೇಲೆ ಒಂದು ವಾರ ಅದೇ ಗುಂಗು. ಅಂಗಿಯ ಬಣ್ಣ ಬದಲಿಸುವಳು, ಕಿಟಕಿಯನ್ನು ಎಡಕ್ಕಿಡುವಳು, ಮತ್ತೆ ಬಲಕ್ಕಿಡುವಳು. ಒಲೆಯ ಮೇಲೆ ಹಾಲು ಉಕ್ಕಿ ಹೋದರೂ ಎಚ್ಚರವಿಲ್ಲ. ಇಷ್ಟು ವರ್ಷ ಯಾರ್‍ಯಾರದೋ ಮಾತಿಗೆ ಬೆರಳು ಸವೆಸಿದೆ, ಇದೊಂದು ನನ್ನದು ಎನ್ನಿಸುತ್ತಿತ್ತು. ಫೋನಿನಲ್ಲಿ ಮಗಳು ನಕ್ಕಳು: "ಏನಮ್ಮ, ಕತೆ ಬರೀತಿದ್ದೀಯಂತೆ. ಅರವತ್ತಕ್ಕೆ ಅರಳು ಮರಳು ಅಂತಾರೆ, ನಿನಗೆ ಎರಡು ವರ್ಷ ತಡವಾಗಿ ಬಂತಾ?"

"ಸರ್ಕಾರಿ ಕೆಲಸದವಳು ಕಣೇ, ಎಲ್ಲಾ ತಡವೇ" ಎಂದಳು ಟೈಪಮ್ಮ.

ಕತೆ ಕತೆಯಾಗಿಯೇ ಮೇಜಿನ ಮೇಲೆ ಉಳಿದಿದ್ದರೆ ಚೆನ್ನಾಗಿತ್ತು. ಆದರೆ ಅವಳಿಗೊಂದು ಆಸೆ ಹುಟ್ಟಿತು. ಸ್ಕೂಟರಿನ ಬಣ್ಣಕ್ಕೆ ಜಗಳಕ್ಕೆ ನಿಂತವರು ಇದಕ್ಕೆ ಸುಮ್ಮನಿರುತ್ತಾರೆಯೇ? 'ಇಲ್ಲ ಕಣೇ, ನಾನೆಲ್ಲಿ ಬಂದಿದ್ದೆ' ಎಂದೇ ಎನ್ನುತ್ತಾರೆ. ಆಗ 'ಯಾಕೆ ಬರಲಿಲ್ಲ?' ಎಂದು ಕೇಳಬಹುದು. ಒಂದು ಬೆಳಿಗ್ಗೆ ಆ ನಾಲ್ಕು ಹಾಳೆಯನ್ನು ಓದಿದಳು. ಓದಿ ಮುಗಿಸಿ, ಕನ್ನಡಕ ತೆಗೆದು, ಕಾದಳು.

ಅವರು ಮುಚ್ಚಿದ ಕಣ್ಣು ತೆರೆಯದೆಯೇ, "ಇನ್ನೊಂದ್ಸಲ ಓದು" ಎಂದರು.

ಮರುದಿನವೂ ಅದೇ ಬೇಕು. "ಮಗು ಹಾಳೆ ಓದೇ." ಸ್ಕೂಟರು ಬೇಡ, ಶಾಲೆ ಬೇಡ. ಹತ್ತನೆಯ ದಿನದ ಹೊತ್ತಿಗೆ ಅವಳು ಓದುವ ಮೊದಲೇ ಅವರು ಹೇಳತೊಡಗಿದರು. ಹೇಳುತ್ತ ಹೇಳುತ್ತ ಅತ್ತರು. ಆ ಮಗುವಿಗಾಗಿ ಅವರು ಅತ್ತದ್ದನ್ನು ಅವಳು ನೋಡಿದ್ದು ಅದೇ ಮೊದಲು. ತಡೆಯದೆ, ಸೆರಗಿನಿಂದ ಅವರ ಮುಖ ಒರೆಸಿದಳು.

ಭಾನುವಾರ ಮಗಳು ಬಂದಳು. ಅಪ್ಪ ಎರಡು ಅಂಗೈ ಜೋಡಿಸಿ ತೋರಿಸಿದರು. "ಇಷ್ಟೇ ಇದ್ದ ನಿಮ್ಮಣ್ಣ. ಒಂದು ಸಣ್ಣ ಪಂಪಿನಷ್ಟೂ ಭಾರ ಇರಲಿಲ್ಲ. ಟವೆಲಿಗೆ ನೀಲಿ ಅಂಚು."

ಮಗಳು ಅಡುಗೆಮನೆಗೆ ಬಂದು ಕದಕ್ಕೆ ಒರಗಿ ನಿಂತಳು.

"ಅಪ್ಪ ಬರಲೇ ಇಲ್ಲ ಅಂದಿದ್ದೆ ನೀನು."

"ಬರಲಿಲ್ಲ. ಅದು ನಾನು ಬರೆದದ್ದು. ಕತೆ."

"ನೀಲಿ ಅಂಚೂ ನೀನೇ ಬರೆದದ್ದಾ?"

"ಅದು ಬರೆದಿಲ್ಲ."

"ಮತ್ತೆ ಅದೆಲ್ಲಿಂದ ಬಂತು?" ಅಮ್ಮ ಪಾತ್ರೆ ಉಜ್ಜಲು ತಿರುಗಿಕೊಂಡದ್ದನ್ನು ನೋಡಿ ಮಗಳ ದನಿ ಇಳಿಯಿತು, ಮಾತು ಇಳಿಯಲಿಲ್ಲ. "ನನ್ನ ಮದುವೆ ಹಿಂದಿನ ದಿನ ಏನಂದೆ ಗೊತ್ತಾ? ಕಷ್ಟ ಬಂದಾಗ ಗಂಡಸರು ಇರೋದಿಲ್ಲ, ತಿಳ್ಕೊಂಡೇ ಹೋಗು ಅಂದೆ. ಇಷ್ಟು ವರ್ಷ ಅಪ್ಪನ ಮುಖ ನೋಡಿದಾಗೆಲ್ಲ ನನಗೆ ಅದೇ ನೆನಪಾಗ್ತಿತ್ತು. ಈಗ ಮರೆವು ಯಾರಿಗೆ ಅಂತಾನೇ ನಂಗೆ ಗೊತ್ತಾಗ್ತಿಲ್ಲಮ್ಮ."

ಟೈಪಮ್ಮ ಪಾತ್ರೆ ಉಜ್ಜುತ್ತಲೇ ಇದ್ದಳು. ತಾನೇ ಕೋಲು ಕೊಟ್ಟು ಹೊಡೆಸಿಕೊಂಡ ಮೇಲೆ ನೋಯಿತು ಎನ್ನುವುದು ಯಾರ ಹತ್ತಿರ?

ಮಗಳು ಹೋದ ಮರುದಿನ ಮಧ್ಯಾಹ್ನ, ಕಿಟಕಿಯ ಬಿಸಿಲಿಗೆ ಅವರನ್ನು ಕೂರಿಸಿ ಕೈಯುಗುರು ಕತ್ತರಿಸುತ್ತಿದ್ದಳು. ಎಡಗೈ ಮುಗಿದಿತ್ತು. ಅವರು ಬೀದಿಯನ್ನು ನೋಡುತ್ತ, "ಆ ಹಾಳೇಲಿ ಒಂದು ತಪ್ಪಿದೆ" ಎಂದರು.

"ಏನು ರೀ?"

"ನಾನು ಒಳಗೆ ಬಂದಿರಲಿಲ್ಲ."

ಅವಳು ಉಗುರುಕತ್ತರಿಯನ್ನು ಕೆಳಗಿಟ್ಟಳು.

"ಎದುರಿಗೆ ಔಷಧದಂಗಡಿ ಇತ್ತಲ್ಲ, ಅದರ ಮೆಟ್ಟಿಲ ಮೇಲೆ ಕೂತಿದ್ದೆ. ಮೂರು ದಿನಾನೂ ಬಂದೆ. ಒಳಗೆ ಹೋದರೆ ಅದು ಹೋಗೋದನ್ನು ನೋಡಬೇಕಲ್ಲ. ಕಾಲೇ ಬರಲಿಲ್ಲ ಕಣೇ."

ಇಷ್ಟು ವರ್ಷ ಕಾದ ಮಾತು ಹೀಗೆ, ಉಗುರು ಕತ್ತರಿಸುವಾಗ ಬಂತು. ಅವಳು "ಹಾಗಾದರೆ ಮಗೂನ ಎತ್ಕೊಂಡದ್ದು?" ಎಂದಳು.

"ನಾನೇ ಎತ್ಕೊಂಡೆ. ನರ್ಸಮ್ಮ ಕೊಟ್ಟಳಲ್ಲ, ಟವೆಲಿನಲ್ಲಿ" ಎಂದರು ಅವರು, ಅದೇ ದನಿಯಲ್ಲಿ, ಅದೇ ಬೀದಿಯನ್ನು ನೋಡುತ್ತ.

ಹೇಳಿಕೊಟ್ಟ ಸಾಕ್ಷಿ. ತೀರ್ಪುಗಳಲ್ಲಿ ಈ ಮಾತನ್ನು ಅವಳು ಎಷ್ಟು ಸಲ ಟೈಪು ಮಾಡಿರಲಿಲ್ಲ! ಸಾಕ್ಷಿಗೆ ಒಂದು ಸುಳ್ಳು ಹೇಳಿಕೊಟ್ಟರೆ ಅವನು ತಾನಾಗಿ ಹೇಳಿದ ನಿಜವನ್ನೂ ನಂಬುವಂತಿಲ್ಲ; ಎಲ್ಲ ಒಟ್ಟಿಗೆ ತಳ್ಳಿಹಾಕಬೇಕು. ಮೆಟ್ಟಿಲು ಇತ್ತೋ, ಟವೆಲಿನ ಅಂಚಿನ ಹಾಗೆ ಅದೂ ಆಮೇಲೆ ಸೇರಿಕೊಂಡಿತೋ? ಆಸ್ಪತ್ರೆಯ ಎದುರು ಔಷಧದಂಗಡಿ ಇತ್ತೆಂದು ಅವಳಿಗೆ ನೆನಪಿಲ್ಲ. ಅವಳನ್ನು ಕರೆತಂದದ್ದು ನೋವಿನಲ್ಲಿ, ಕಳಿಸಿದ್ದು ಹಿಂಬಾಗಿಲಿನಿಂದ. ಆ ಕಟ್ಟಡವನ್ನು ಕೆಡವಿಯೇ ಹದಿನೈದು ವರ್ಷವಾಯಿತು. ಇದ್ದವನು ಒಬ್ಬನೇ ಒಬ್ಬ ಸಾಕ್ಷಿ. ಅವನನ್ನು ಕೆಡಿಸಿದವಳು ತಾನೇ.

ಆದರೂ ಕೇಳದೆ ಇರಲಾಗಲಿಲ್ಲ.

"ಅಲ್ಲಿ ಕೂತು ಏನು ಮಾಡ್ತಿದ್ರಿ ರೀ, ಮೂರು ದಿನ?"

ಅವರು ತಿರುಗಿ ಅವಳನ್ನು ನೋಡಿದರು. ಪರಿಚಯದವರು ಏನೋ ಕೇಳಿದರೆ ಉತ್ತರಿಸದಿರಬಾರದು ಎಂಬ ಮರ್ಯಾದೆ ಆ ನೋಟದಲ್ಲಿತ್ತು.

"ಎಲ್ಲಿ?" ಎಂದರು.

"ಏನಿಲ್ಲ" ಎಂದು ಅವರ ಬಲಗೈಯನ್ನು ತನ್ನ ಮಡಿಲಿಗೆ ಎಳೆದುಕೊಂಡು, ಹೆಬ್ಬೆರಳಿನಿಂದ ಶುರು ಮಾಡಿದಳು.