ಈ ವಯಸ್ಸಿಗೆ ಅಂದವರು ಡೋನಟ್ ತರಬೇಕು

ವಿನಿಫ್ರೆಡ್ ಕೋವಾಲ್‌ಚಕ್‌ಳ ಪದವಿ ಈಜುಕೊಳದ ಆಚೆ ತುದಿಯಲ್ಲಿ ಕೂತಿತ್ತು. ಕೊಳ ದಾಟದವರಿಗೆ ಪದವಿಯಿಲ್ಲ ಎಂಬುದು ಅಮೆರಿಕದ ಬಫಲೋ ಊರಿನ ಆ ಹಳೆಯ ಕಾಲೇಜಿನ ನಿಯಮ. ಇತಿಹಾಸ ಓದುವವರಿಗೆ ಈಜು ಯಾಕೆ ಎಂದು ಕೇಳೋಣವೆಂದರೆ, ನಿಯಮ ಮಾಡಿದ ಪುಣ್ಯಾತ್ಮರು ಸತ್ತು ಯಾವ ಕಾಲವಾಯಿತೋ! ಹರೆಯದಲ್ಲಿ ಎಲ್ಲ ಪರೀಕ್ಷೆ ಪಾಸು ಮಾಡಿ, ಇದೊಂದಕ್ಕೆ ಹೆದರಿ ಕಾಲೇಜು ಬಿಟ್ಟಿದ್ದ ವಿನಿ ಅರವತ್ತಾರನೇ ವಯಸ್ಸಿನಲ್ಲಿ ಹಟ ಹಿಡಿದು ಮರಳಿದ್ದಳು.

ಮರಳಿ ಬಂದವರೆಲ್ಲ ಹಾಲ್‌ಸ್ಟ್ರಮ್ ಮೇಷ್ಟ್ರ ತರಗತಿಯಲ್ಲಿ ಕೂರಲೇಬೇಕು. ದೊಡ್ಡವರು ಹೇಗೆ ಕಲಿಯುತ್ತಾರೆ ಎನ್ನುವುದೇ ಅವರ ಪಾಠ. ಅಲ್ಲಿ ಯಾರಾದರೂ ಬಾಯಿತಪ್ಪಿ "ಈ ವಯಸ್ಸಿಗೆ" ಅಂದರೆ ಮುಗಿಯಿತು, ಮರುದಿನ ಇಡೀ ತರಗತಿಗೆ ಡೋನಟ್ ತರಬೇಕು. ವಿನಿ ತಂದ ಡೋನಟ್ ತಿಂದೇ ಮೇಷ್ಟ್ರ ಹೊಟ್ಟೆ ಮುಂದೆ ಬಂದಿತ್ತು.

ಚಳಿಗಾಲವಿಡೀ ಕಲಿತು ಅವಳಿಗೆ ಈಜು ಬಂದಿತ್ತು. ಆದರೆ ಕೈ ಮಾತ್ರ ಕೊಳದ ಅಂಚು ಬಿಡುತ್ತಿರಲಿಲ್ಲ.

ಪರೀಕ್ಷೆಯ ದಿನ ವಿನಿ ಈಚೆ ತುದಿಯಲ್ಲಿ ಅಂಚು ಹಿಡಿದುಕೊಂಡಿದ್ದಳು. ಮೇಷ್ಟ್ರು ಹೂವಿನ ಚಿತ್ತಾರದ ಚಡ್ಡಿ ಹಾಕಿಕೊಂಡು ಆಚೆ ತುದಿಯ ನೀರಿಗಿಳಿದರು.

"ನನ್ ಮುಖ ನೋಡ್ಕೊಂಡು ಬನ್ನಿ ವಿನಿ! ಭಯ ಅನ್ನೋದೆಲ್ಲ ತಲೇಲಿರೋದು!"

"ತಲೇಲಲ್ಲ ಸಾರ್, ಮೊಣಕಾಲಲ್ಲಿದೆ! ಗಡಗಡ ಅಂತಿದೆ!"

ಇನ್ನೊಂದು ಹೆಜ್ಜೆ ಮುಂದಿಟ್ಟ ಮೇಷ್ಟ್ರು ಸರ್ರನೆ ಜಾರಿದರು. ಕೈಕಾಲು ಬಡಿಯುತ್ತಾ "ಅಯ್ಯೋ! ಸತ್ತೆ!" ಎಂದು ಕೂಗಿ ಮುಳುಗಿದರು.

ವಿನಿ ಅಂಚು, ಮೊಣಕಾಲು, ಪದವಿ ಎಲ್ಲ ಮರೆತು ಪಟಪಟ ನೀರು ಬಡಿಯುತ್ತಾ ಕೊಳದ ಉದ್ದಕ್ಕೂ ಈಜಿ ಬಂದಳು. ಮೇಷ್ಟ್ರ ರಟ್ಟೆ ಹಿಡಿದೆತ್ತಿದಳು.

"ಎದ್ದ್ ನಿಂತ್ಕೊಳ್ಳಿ ಸಾರ್! ನೀರು ಸೊಂಟದ ಮಟ್ಟಕ್ಕಿದೆ ಅಷ್ಟೇ!"

ದಡದಲ್ಲಿದ್ದ ಪರೀಕ್ಷಕಿ ಟ್ರೂಡಿ ಪೀಪಿ ಊದಿದಳು. "ಪಾಸ್! ಕೋವಾಲ್‌ಚಕ್ ಪಾಸ್!"

ವಿನಿ ಹಿಂದಿರುಗಿ ನೋಡಿದಳು. ಅಷ್ಟುದ್ದದ ನೀರು! ತಾನೇ ದಾಟಿದ್ದು! ಖುಷಿ ತಡೆಯಲಾಗದೆ ಗೊಳೋ ಎಂದು ಅತ್ತಳು.

"ನೋಡಿದ್ರಾ? ಇದೂ ಒಂದು ಬೋಧನಾ ವಿಧಾನ," ಎಂದರು ಮೇಷ್ಟ್ರು, ಮೂಗಿನಿಂದ ನೀರು ಸುರಿಸುತ್ತಾ.

"ಹೌದೌದು, ಕಂಡಿದೀನಿ ಸುಮ್ನಿರಿ!" ಎಂದಳು ಟ್ರೂಡಿ. "ಮಂಗಳವಾರದಿಂದ ಹೊಸಬರಿಗೆ ಈಜು ಕ್ಲಾಸಿದೆ. ನಿಮ್ ಹೆಸರೂ ಬರ್ಕೊಳ್ಲಾ?"

"ಅಯ್ಯೋ, ನಂಗ್ಯಾಕಮ್ಮ ಈಜು, ಈ ವಯಸ್ಸಿ..."

ಮೇಷ್ಟ್ರು ಗಪ್ಪನೆ ಬಾಯಿ ಮುಚ್ಚಿಕೊಂಡರು.

ವಿನಿ ಕಣ್ಣೊರೆಸಿಕೊಂಡಳು. "ನಂಗೆ ಚಾಕೊಲೇಟಿಂದು ತನ್ನಿ ಸಾರ್. ಮಂಗಳವಾರ ನಾನು ಆಚೆ ತುದೀಲಿ ನಿಂತಿರ್ತೀನಿ. ನನ್ ಮುಖ ನೋಡ್ಕೊಂಡು ಬನ್ನಿ."